ಐಂಡ್‌ಹೋವನ್ ಸುತ್ತ ಗ್ರಾವೆಲ್ ರೈಡಿಂಗ್: ಮರಳಲ್ಲಿ ಮುಂದಿನ ಚಕ್ರ ಹೂತುಹೋಗುತ್ತೆ. ಟೈರ್, ಗೇರ್, ರೂಟ್ ಸಲಹೆ ಬೇಕು

ಎದುರುಗಾಳಿ ಕೇಳಿದ್ದು:
ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ ಹೊರಟು ಸ್ಟ್ರಾಬ್ರೆಕ್ಟ್ಸೆ ಹೈಡೆ ಅನ್ನೋ ಹೀದರ್ (ಗಿಡ್ಡ ಪೊದೆ) ಬಯಲು, ಲೇಂಡರ್‌ಬಾಸ್ ಕಾಡು ಸುತ್ತಿ ವಾಪಸ್ ಬರೋ 50 ಕಿ.ಮೀ. ಆಸುಪಾಸಿನ ರೂಟ್ ಬೇಕು. ಸೈಕಲ್: ಅಲ್ಯೂಮಿನಿಯಂ ಗ್ರಾವೆಲ್ (ಮಣ್ಣು-ಜಲ್ಲಿ ದಾರಿಗೆ ಮಾಡಿದ್ದು), ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) 40 ಹಲ್ಲು, ಹಿಂದೆ 11ರಿಂದ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), 11 ಸ್ಪೀಡ್, ಶಿಮಾನೊ ಜಿಆರ್‌ಎಕ್ಸ್ ಆರ್‌ಎಕ್ಸ್810 ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸೋ ಭಾಗ). ಟೈರ್ 38 ಮಿ.ಮೀ., ಒಳಗೆ ಟ್ಯೂಬ್, ಗಾಳಿಯ ಒತ್ತಡ 50 ಪಿಎಸ್‌ಐ. ನನ್ನ ತೂಕ 78 ಕೆಜಿ. ಗಟ್ಟಿ ಮಣ್ಣಲ್ಲಿ ತೊಂದರೆ ಇಲ್ಲ. ಕಾಡು ಮುಗಿದು ಹೀದರ್ ಬಯಲು ಶುರುವಾಗೋ ಕಡೆ ಸಡಿಲ ಮರಳು ಸಿಕ್ಕ ತಕ್ಷಣ ಮುಂದಿನ ಚಕ್ರ ಪಕ್ಕಕ್ಕೆ ಹೊರಳಿ ನಿಂತೇಬಿಡುತ್ತೆ. ಟೈರ್ ಬದಲಾಯಿಸಬೇಕಾ, ಗೇರ್ ಬದಲಾಯಿಸಬೇಕಾ, ಅಥವಾ ಓಡಿಸೋ ರೀತಿನೇ ತಪ್ಪಾ? ಯಾವ ದಾರಿಗೆ ಸೈಕಲ್ ಹಾಕಬಹುದು, ಯಾವುದಕ್ಕೆ ಹಾಕಬಾರದು ಅನ್ನೋದೂ ಸ್ಪಷ್ಟ ಇಲ್ಲ.

ಉಸುಕಿನ ದಾರಿ:
ಮೊದಲ ಗಾಳಿ ಇಳಿಸ್ರಿ. 78 ಕೆಜಿಗೆ 38ರ ಟೈರಿನ್ಯಾಗ 50 ಪಿಎಸ್‌ಐ ಅಂದ್ರ ಅದು ಡಾಂಬರ್ ರಸ್ತೆ ಲೆಕ್ಕ. ಉಸುಕಿನ್ಯಾಗ ಟೈರ್ ಅಗಲಾಗಿ ಕೂಡಬೇಕು. ಬಿಗಿ ಟೈರ್ ಚಾಕು ಇಳಿದಂಗ ಒಳಗ ಇಳೀತದ. ಟ್ಯೂಬ್ ಇರೂತನಕ ಮುಂದ 34, ಹಿಂದ 38 ಪಿಎಸ್‌ಐಗಿಂತ ಕೆಳಗ ಹೋಗಬ್ಯಾಡ್ರಿ. ಬೇರಿಗೆ ಬಡದ್ರ ಟ್ಯೂಬ್ ರಿಮ್ಮಿಗೆ ಸಿಕ್ಕು ಎರಡು ತೂತು ಬೀಳತಾವ.

ಖರೇ ಪರಿಹಾರ ಅಂದ್ರ 45 ಮಿ.ಮೀ. ಟ್ಯೂಬ್‌ಲೆಸ್ (ಒಳಗ ಟ್ಯೂಬ್ ಇಲ್ಲದ) ಟೈರ್. ಫ್ರೇಮ್, ಫೋರ್ಕ್ ಎರಡರಾಗೂ ಟೈರಿನ ಎರಡೂ ಬದಿ ಕನಿಷ್ಠ 5 ಮಿ.ಮೀ. ಜಾಗ ಉಳೀತದೋ ಇಲ್ಲೋ ಅಳೀರಿ. ಉಳೀಲಿಲ್ಲ ಅಂದ್ರ 42 ಮಿ.ಮೀ.ಗೆ ನಿಲ್ಲಸ್ರಿ. ಒಂದೊಂದು ಟೈರಿಗೆ 60 ಮಿ.ಲೀ. ಸೀಲಂಟ್ (ತೂತು ಮುಚ್ಚೂ ದ್ರವ) ಸಾಕು, ಬ್ಯಾಸಗಿಯೊಳಗ ಎರಡು ಮೂರು ತಿಂಗಳಿಗೆ ಒಣಗತದ, ಮತ್ತ ಹಾಕಬೇಕು. ನಿಮ್ಮ ತೂಕಕ್ಕ 45ರಾಗ ಮುಂದ 25, ಹಿಂದ 28 ಪಿಎಸ್‌ಐಯಿಂದ ಶುರು ಮಾಡಿ, ಒಮ್ಮೆಗೆ 1 ಪಿಎಸ್‌ಐಯಂಗ ಇಳಿಸಿ ನೋಡ್ರಿ. ಡಾಂಬರ್ ತಿರುವಿನ್ಯಾಗ ಟೈರ್ ಅತ್ತಿತ್ತ ಹೊಳ್ಳಾಡಿದ್ರ ಅತಿ ಆತು, 2 ಏರಿಸ್ರಿ. ದೊಡ್ಡ ಪಂಪಿನ ಮುಳ್ಳು ಇಷ್ಟು ಕೆಳಗ ನಂಬೂಹಂಗಿಲ್ಲ, ಸಣ್ಣ ಡಿಜಿಟಲ್ ಗೇಜ್ ತಗೋರಿ.

ಟೈರಿನ ಹಲ್ಲು ದೊಡ್ಡದಿದ್ರ ಉಸುಕಿನ್ಯಾಗ ಅನುಕೂಲ ಅಂತ ಭಾಳ ಮಂದಿ ತಿಳಕೊಂಡಾರ. ಒಣ ಉಸುಕಿಗೆ ಹಲ್ಲಿಗಿಂತ ಅಗಲ ಮುಖ್ಯ. ನಡುವ ಸಣ್ಣ ಹಲ್ಲು, ಅಂಚಿಗೆ ಸ್ವಲ್ಪ ದೊಡ್ಡದು ಇದ್ದದ್ದು ಇಲ್ಲಿಗೆ ಸರಿ.

ಓಡಿಸೂದು ಹಿಂಗ: ಉಸುಕು ಕಂಡ ಕೂಡಲೆ, ಅದರಾಗ ಇಳಿಯೂಕಿಂತ ಮೊದಲ, ಎರಡು ಮೂರು ಗೇರ್ ಹಗುರ ಮಾಡ್ರಿ. ಒಳಗ ಹೋದಮ್ಯಾಲೆ ಬದಲಿಸಿದ್ರ ಪೆಡಲಿನ ಲಯ ತಪ್ಪತದ, ಅಲ್ಲೇ ನಿಂತ್ರಿ. ಸೀಟಿನ ಮ್ಯಾಲೆ ಹಿಂದಕ್ಕ ಸರಿದು ಕುಂದರ್ರಿ, ಕೈ ಸಡಿಲ ಬಿಡ್ರಿ, ಕಣ್ಣು 10 ಮೀಟರ್ ಮುಂದಿರಲಿ. ಮುಂದಿನ ಚಕ್ರ ಸ್ವಲ್ಪ ತೇಲಾಡತದ, ಅದನ್ನ ಹ್ಯಾಂಡಲ್ ಹಿಡಿದು ತಿದ್ದಾಕ ಹೋದ್ರ ಅಡ್ಡ ಬೀಳತದ. ದಿಕ್ಕು ಸೊಂಟದಿಂದ ತಿದ್ದಬೇಕು. ಮುಂದಿನ ಬ್ರೇಕ್ ಮುಟ್ಟಬ್ಯಾಡ್ರಿ.

ಕೊಂಡಿ ಕಳಚಿದವ:
ಟೈರ್ ವಿಷಯ ಮೇಲೆ ಹೇಳಿದ್ದು ಸರಿ. ಆದರೆ ಊರು ಚಪ್ಪಟೆ ಇದೆ, ಅದಕ್ಕೆ ಗೇರ್ ಸಾಕು ಅಂದ್ಕೋಬೇಡಿ. ಲೆಕ್ಕ ನೋಡಿ: 40 ಮುಂದೆ, 34 ಹಿಂದೆ ಅಂದ್ರೆ ಒಂದು ಸುತ್ತು ಪೆಡಲಿಗೆ ಸುಮಾರು 2.6 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದ್ರೆ ಗಂಟೆಗೆ 12 ಕಿ.ಮೀ. ದಾಟುತ್ತೆ. ಆಳ ಮರಳಲ್ಲಿ ಅಷ್ಟು ವೇಗ ಬರಲ್ಲ, 8-10 ಬಂದ್ರೆ ಹೆಚ್ಚು. ಹಾಗಾಗಿ ನಿಧಾನ, ಭಾರವಾಗಿ ತುಳೀತೀರ, ಪ್ರತಿ ತುಳಿತಕ್ಕೂ ಹಿಂದಿನ ಚಕ್ರ ಜಾರಿ ಗುಂಡಿ ತೋಡುತ್ತೆ. ಹಿಂದೆ 42 ಹಲ್ಲಿನ ಚಕ್ರ ಇದ್ರೆ ಅದೇ 80 ಸುತ್ತಿಗೆ 10 ಕಿ.ಮೀ.

11-42 ಕ್ಯಾಸೆಟ್ ಹಾಕೋಕೆ ಆರ್‌ಎಕ್ಸ್810 ಆಗಲ್ಲ, ಅದು 34ರವರೆಗೆ ಮಾತ್ರ. ಆರ್‌ಎಕ್ಸ್812 ಬೇಕು. ಚೈನೂ ಸುಮಾರು 4 ಕೊಂಡಿ ಉದ್ದ ಆಗಬೇಕು, ಹಳೇ ಚೈನ್ ಹಾಗೇ ಹಾಕಿದ್ರೆ ದೊಡ್ಡ ಹಲ್ಲಿಗೆ ಹೋದಾಗ ಡಿರೇಲರ್ ಕಿತ್ತುಬರುತ್ತೆ. ಖರ್ಚು ಬೇಡ ಅಂದ್ರೆ ಮುಂದೆ 38ರ ಚೈನ್‌ರಿಂಗ್ ಹಾಕಿ ನೋಡಿ, ಸುಮಾರು ಕಾಲು ಭಾಗ ಉಪಯೋಗ ಸಿಗುತ್ತೆ.

ಇನ್ನು ಚೈನ್. ಇಲ್ಲಿನ ಮರಳು ಸಣ್ಣ ಸ್ಫಟಿಕ ಶಿಲೆಯ ಪುಡಿ. ದಪ್ಪ ಎಣ್ಣೆ ಹಾಕಿದ್ರೆ ಅದಕ್ಕೆ ಅಂಟಿ ಅರೆಯೋ ಲೇಪ ಆಗುತ್ತೆ. ಚೈನನ್ನು ಡಿಗ್ರೀಸರ್‌ನಲ್ಲಿ ಪೂರ್ತಿ ತೊಳೆದು, ಒಣಗಿಸಿ, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದೋದು ಒಳ್ಳೇದು. ಒಣ ಹವೆಯಲ್ಲಿ 300 ಕಿ.ಮೀ. ಹತ್ತಿರ ಬರುತ್ತೆ, ಮಳೆಯಲ್ಲಿ ತುಂಬಾ ಬೇಗ ಹೋಗುತ್ತೆ. ಚೈನ್ ಚೆಕರ್ (ಸವೆತ ಅಳೆಯೋ ಸಾಧನ) 0.5 ತೋರಿಸಿದ ದಿನ ಚೈನ್ ಬದಲಿಸಿ, ಇಲ್ಲಾಂದ್ರೆ ಕ್ಯಾಸೆಟ್ಟಿಗೂ ದುಡ್ಡು ಕೊಡ್ತೀರ. ಒದ್ದೆ ಮರಳಲ್ಲಿ ರೆಸಿನ್ ಬ್ರೇಕ್ ಪ್ಯಾಡ್ ಬೇಗ ಸವೀತದೆ. ಮೆಟಲ್ ಪ್ಯಾಡ್ ಬಾಳಿಕೆ ಬರುತ್ತೆ, ಸದ್ದು ಜಾಸ್ತಿ. ನಿಮ್ಮ ರೋಟರ್ ಮೇಲೆ ರೆಸಿನ್ ಮಾತ್ರ ಅಂತ ಬರೆದಿದ್ರೆ ಮೆಟಲ್ ಹಾಕಬೇಡಿ. ತೊಳೆಯುವಾಗ ಪ್ರೆಶರ್ ಜೆಟ್ ಬೇಡ, ಬೇರಿಂಗ್ ಒಳಗೆ ಮರಳು ನೀವೇ ತುಂಬಿದ ಹಾಗೆ.

ನಕ್ಷೆಗಾರ:
ರೂಟ್: ಐಂಡ್‌ಹೋವನ್‌ನಿಂದ ಪೂರ್ವಕ್ಕೆ ಗೆಲ್ಡ್ರಾಪ್, ಅಲ್ಲಿಂದ ಸ್ಟ್ರಾಬ್ರೆಕ್ಟ್ಸೆ ಹೈಡೆ ದಾಟಿ ಲೀರಾಪ್ ಕಡೆ, ಹೀದರ್ ಬಯಲಿನ ಕೊಳಗಳಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲೇ ಅತಿ ದೊಡ್ಡದಾದ ಬ್ಯೋವೆನ್ ಪಕ್ಕದಿಂದ ಹೇಜೆಗೆ ಇಳಿಯಿರಿ. ಹೇಜೆಯಿಂದ ಲೇಂಡೆ, ಲೇಂಡರ್‌ಬಾಸ್ ಒಳಗೆ ವಾಲ್ಕನ್ಸ್‌ವಾರ್ಡ್, ಅಲ್ಲಿಂದ ಉತ್ತರಕ್ಕೆ ಮನೆ. ಸುಸ್ತಾದರೆ ಗೆಲ್ಡ್ರಾಪ್, ಹೇಜೆ ಎರಡರಲ್ಲೂ ರೈಲ್ವೆ ಸ್ಟೇಷನ್ ಇದೆ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಜೋರಿದ್ದ ದಿನ ಇದನ್ನೇ ತಿರುಗಿಸಿ, ಮೊದಲು ವಾಲ್ಕನ್ಸ್‌ವಾರ್ಡ್‌ಗೆ ಹೋಗಿ.

ಸಂಖ್ಯೆ ಹಾಕಿದ ಸೈಕಲ್ ಕ್ನೋಪ್‌ಪುಂಟ್ (ದಾರಿಗಳು ಕೂಡುವ ಗುರುತು ಬಿಂದು) ಜಾಲ ನಂಬಿದರೆ ಬಹುಪಾಲು ಕಾಂಕ್ರೀಟ್ ಮತ್ತು ಡಾಂಬರ್ ಸಿಗುತ್ತದೆ. ಕೋಮೂಟ್ ಎಂಬ ರೂಟ್ ಆ್ಯಪ್‌ನಲ್ಲಿ ದಾರಿ ಎಳೆದು ನೆಲದ ವಿವರ ನೋಡಿ. ಮರಳು ಅಂತ ತೋರಿಸಿದ ತುಂಡು 300 ಮೀಟರ್‌ಗಿಂತ ಉದ್ದ ಇದ್ದರೆ ಅದನ್ನು ಬಿಟ್ಟು ಸುತ್ತಿಕೊಂಡು ಹೋಗಿ.

ಫಲಕಗಳು: ನೀಲಿ ವೃತ್ತದಲ್ಲಿ ಸೈಕಲ್ ಇದ್ದರೆ ನಿಮ್ಮದೇ ದಾರಿ. ನೀಲಿ ವೃತ್ತದಲ್ಲಿ ಕುದುರೆ ಸವಾರ ಇದ್ದರೆ ಅದು ರೌಟರ್‌ಪಾಡ್, ಅಂದರೆ ಕುದುರೆ ದಾರಿ. ಅಲ್ಲಿಗೆ ಹೋಗುವಂತಿಲ್ಲ, ಹೋದರೂ ಗೊರಸು ಉತ್ತ ಮರಳಲ್ಲಿ ತಳ್ಳಿಕೊಂಡೇ ನಡೀಬೇಕು. ಆರ್ಟಿಕೆಲ್ 461 ಅಂತ ಬರೆದ ಫಲಕ ಅಂದರೆ ಅತಿಕ್ರಮ ಪ್ರವೇಶ, ದಂಡ ಬೀಳುತ್ತದೆ. ಕಾಡಿನ ಪ್ರವೇಶದ್ವಾರದ ಫಲಕದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಅಂತಿದ್ದರೆ ರಾತ್ರಿ ಲೈಟ್ ಹಾಕಿಕೊಂಡು ಹೋಗುವುದೂ ತಪ್ಪೇ. ಮರಳು ತಪ್ಪಿಸಲು ಪಕ್ಕದ ಹೀದರ್ ಮೇಲೆ ಹತ್ತಿಸುವ ಚಾಳಿ ಬೇಡ. ದಾರಿ ಅಗಲವಾಗುತ್ತಾ ಹೋಗುತ್ತದೆ, ನತ್ತಿಂಗದಂಥ ಹಕ್ಕಿಗಳು ಅಲ್ಲಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಇಳಿದು ನಡೆಯಿರಿ. ಮೇಯುವ ದನಗಳಿಂದ 25 ಮೀಟರ್ ದೂರ ಇರಿ. ಕಬ್ಬಿಣದ ಸರಳಿನ ದನತಡೆಯನ್ನು ನೇರಕ್ಕೆ ದಾಟಿ. ಒದ್ದೆಯಿದ್ದಾಗ ಓರೆಯಾಗಿ ಹೋದರೆ ಬೀಳುವುದು ಖಂಡಿತ.

ಎದುರುಗಾಳಿ:
ಧನ್ಯವಾದ ಎಲ್ಲರಿಗೂ. ಸದ್ಯಕ್ಕೆ 42ರ ಟ್ಯೂಬ್‌ಲೆಸ್ ಮತ್ತು 38ರ ಚೈನ್‌ರಿಂಗ್. ಟಿಲ್‌ಬರ್ಗ್ ಹತ್ತಿರದ ಮರಳು ದಿಬ್ಬಗಳು, ಲೋನ್ಸೆ ಎನ್ ಡ್ರುನೆನ್ಸೆ ಡೌನೆನ್‌ಗೆ ಯಾವ ಕಾಲ ಒಳ್ಳೇದು?

ಕಡಲತಡಿ:
ಮಳೆ ಬಂದ ಮರುದಿನ ಹೋಗಿ ಮಾರಾಯ್ರೆ. ಬೆಂಗಳೂರಿನ ಕೆಂಪು ಮಣ್ಣು ಮಳೆಗೆ ಚಕ್ರಕ್ಕೆ ಅಂಟಿ ಫೋರ್ಕ್ ತುಂಬುತ್ತದಲ್ಲ, ಇಲ್ಲಿ ಉಲ್ಟಾ. ಒದ್ದೆ ಮರಳಿನ ಕಣಗಳ ನಡುವೆ ನೀರು ಹಿಡಿದು ನೆಲ ಗಟ್ಟಿಯಾಗ್ತದೆ. ಬೇಸಗೆಯಲ್ಲಿ ನಾಲ್ಕೈದು ವಾರ ಮಳೆ ಇಲ್ಲದಿದ್ದರೆ 50 ಮಿ.ಮೀ. ಟೈರೂ ಸಾಲುವುದಿಲ್ಲ, ಅಂಥ ಹೊತ್ತಿಗೆ ಕಾಡ್ಗಿಚ್ಚಿನ ಎಚ್ಚರಿಕೆಯೂ ಇರ್ತದೆ, ನೋಡಿಕೊಂಡು ಹೊರಡಿ.

ಅಲ್ಲಿ ನಡುವಿನ ಬಯಲು ಮರಳು ಸೈಕಲಿಗೆ ಹೇಳಿದ್ದಲ್ಲ. ಸುತ್ತಲಿನ ಪೈನ್ ಕಾಡಿನ ಗುರುತು ಹಾಕಿದ ದಾರಿಗಳು ಚಂದ ಉಂಟು. ರೈಲಿನಲ್ಲಿ ಟಿಲ್‌ಬರ್ಗ್‌ಗೆ ಹೋಗಿ ಊಡನ್‌ಹೌಟ್ ಕಡೆಯಿಂದ ಹೊಕ್ಕಿರಿ. ಸೈಕಲಿಗೆ ಬೇರೆ ಟಿಕೆಟ್ ಬೇಕು, ಜುಲೈ, ಆಗಸ್ಟ್ ಬಿಟ್ಟು ಬೇರೆ ತಿಂಗಳಲ್ಲಿ ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9, ಸಂಜೆ 4ರಿಂದ 6.30 ಹತ್ತಿಸಲು ಬಿಡುವುದಿಲ್ಲ. ಹೀದರ್ ಹೂ ಬೇಕಾದರೆ ಆಗಸ್ಟ್ ಕೊನೆ, ಆದರೆ ಆಗ ಜನವೂ ಅಷ್ಟೇ.

ಮೇ ಮಧ್ಯದಿಂದ ಜುಲೈವರೆಗೆ ಓಕ್ ಮರದ ಕಂಬಳಿಹುಳ ಉಂಟು, ಅದರ ರೋಮ ಗಾಳಿಯಲ್ಲೇ ಬಂದು ತುರಿಕೆ ತರ್ತದೆ. ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಕಿತ್ತು, ಮೇಲೆ ನೀರು ಹಾಕಿ. ಉಣ್ಣಿಗೆ ಮನೆಗೆ ಬಂದ ದಿನವೇ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು ನೋಡಿ. ಸಿಕ್ಕಿದರೆ ಚೂಪು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೀರಿ, ಎಣ್ಣೆ ಗಿಣ್ಣೆ ಹಚ್ಚಬೇಡಿ. ತಾರೀಕು ಬರೆದಿಟ್ಟು ಮೂರು ತಿಂಗಳು ಆ ಜಾಗ ಗಮನಿಸಿ. ಕೆಂಪು ಉಂಗುರ ಹರಡಿದರೆ ಅಥವಾ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.