ಅತ್ತೆ ಕಳಿಸಿದ ಎಣ್ಣೆ ವಿಡಿಯೋ

ನಮ್ಮ ಬಳಗದ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ. ಶಿವಮೊಗ್ಗ ಅತ್ತೆ ಒಂದು ವಿಡಿಯೋ ಹಾಕಿದರು. ಜೋತುಬಿದ್ದ ಹೊಟ್ಟೆಗೆ ಹರಳೆಣ್ಣೆ, ಕಡಲೆಹಿಟ್ಟು ಹಚ್ಚಿದರೆ 30 ದಿನದಲ್ಲಿ ಚರ್ಮ ಬಿಗಿಯಾಗುತ್ತದಂತೆ.

ಶಿವಮೊಗ್ಗ ಅತ್ತೆ: ಪುಟ್ಟಿ, ಇದು ನಿನಗೇ ಅಂತ ಹಾಕಿದ್ದು. ಜೋತುಬಿದ್ದ ಚರ್ಮ ತೆಗೆಸಲು ಆಪರೇಷನ್ ಮಾಡಿಸುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಮೊದಲು ಇದನ್ನು ಮಾಡಿ ನೋಡು.

ದೊಡ್ಡಪ್ಪ: ಹೌದು. 52 ಕೆಜಿ ಇಳಿಸಿದ್ದೀಯ, ಶುಗರ್ ಮಾತ್ರೆ ಬಿಟ್ಟಿದ್ದೀಯ. ಅಷ್ಟು ಸಾಲದಾ ಮಗಳೇ? ಅಂದಕ್ಕೋಸ್ಕರ ಮೈ ಕೊಯ್ಸಿಕೊಳ್ಳುವುದು ಯಾಕೆ?

ಭಾವ: ಜಿಮ್‌ಗೆ ಹೋದರೆ ಸರಿಹೋಗುತ್ತೆ. ನಮ್ಮ ಆಫೀಸಿನವರೊಬ್ಬರಿಗೆ ಹೋಯಿತು.

ನಾನು: ಅವರು ಎಷ್ಟು ಇಳಿಸಿದ್ದರು ಭಾವ?

ಭಾವ: 12 ಕೆಜಿ.

ನಾನು: ನಾನು 118 ಇದ್ದೆ. ಅದೂ ಹದಿನೈದು ವರ್ಷ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್, ಎಲಾಸ್ಟಿನ್ ಎಳೆಗಳು ಅಷ್ಟು ವರ್ಷ ಹಿಗ್ಗಿ ಹಿಗ್ಗಿ ಹಾಳಾಗಿವೆ. ಹಳೇ ಪೈಜಾಮದ ಎಲಾಸ್ಟಿಕ್ ಸಡಿಲವಾದ ಮೇಲೆ ಎಣ್ಣೆ ಹಚ್ಚಿದರೆ ಬಿಗಿಯಾಗುತ್ತಾ? ಜಿಮ್‌ಗೂ ಹೋಗುತ್ತಿದ್ದೇನೆ. ತೊಡೆಯ ಸ್ನಾಯು ಗಟ್ಟಿಯಾಗಿದೆ, ಮೇಲಿನ ಚರ್ಮ ಮಾತ್ರ ಹಾಗೇ ನೇತಾಡುತ್ತಿದೆ.

ಚಿಕ್ಕಮ್ಮ: ಮೂರು ಹೆತ್ತ ನನಗೂ ಹೊಟ್ಟೆ ಜೋತಿದೆ ಕಣೇ. ಸೆರಗು ಹೊದ್ದರೆ ಯಾರಿಗೆ ಕಾಣುತ್ತೆ?

ನಾನು: ಕಾಣುವ ಮಾತೇ ಅಲ್ಲ ಚಿಕ್ಕಮ್ಮ. ನಾಚಿಕೆಯಿಂದ ಇಷ್ಟು ದಿನ ಹೇಳಿರಲಿಲ್ಲ, ಇವತ್ತು ಹೇಳಿಬಿಡುತ್ತೇನೆ. ದಿನಾ ಸ್ನಾನ ಆದಮೇಲೆ ಎಡಗೈಯಲ್ಲಿ ಹೊಟ್ಟೆಯ ಮಡಿಕೆ ಎತ್ತಿ ಹಿಡಿದು, ಬಲಗೈಯಲ್ಲಿ ಹಳೇ ಪಂಚೆ ತುಂಡಿನಿಂದ ಮೆಲ್ಲಗೆ ಒತ್ತಿ ಒತ್ತಿ ಒರೆಸುತ್ತೇನೆ. ಉಜ್ಜಿದರೆ ಚರ್ಮ ಸುಲಿಯುತ್ತೆ. ಹತ್ತು ನಿಮಿಷ ಫ್ಯಾನ್ ಕೆಳಗೆ ನಿಂತು, ಪೂರ್ತಿ ಒಣಗಿದ ಮೇಲೆ ಫಂಗಸ್ ಪೌಡರ್. ಇಷ್ಟಾದರೂ ಏಪ್ರಿಲ್ ಸೆಕೆಗೆ ಒಳಗೆ ಕೆಂಪಗೆ ಬಿರಿದು, ನೀರು ಒಸರಿ, ವಾಸನೆ ಬಂತು. ಲಂಗದ ಲಾಡಿ ಸರಿಯಾಗಿ ಆ ಜಾಗಕ್ಕೇ ಒತ್ತುತ್ತೆ. ನಾಮಕರಣದ ದಿನ ಊಟಕ್ಕೂ ನಿಲ್ಲದೆ ಹೊರಟೆ ಅಂತ ಎಲ್ಲರೂ ಬೇಜಾರು ಮಾಡಿಕೊಂಡಿರಿ, ಅಲ್ವಾ? ಸೀರೆಯಲ್ಲಿ ಕೂರಲು ಆಗಲಿಲ್ಲ, ಅದಕ್ಕೆ. ಅತ್ತೆ, ಅಂಥ ಕಡೆ ಎಣ್ಣೆ ಹಚ್ಚಿದರೆ ಪಸೆ ನಿಂತು ಇನ್ನೂ ಜಾಸ್ತಿಯಾಗುತ್ತೆ.

ಶಿವಮೊಗ್ಗ ಅತ್ತೆ: ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ ಪುಟ್ಟಿ.

ದೊಡ್ಡಪ್ಪ: ಹಾಗಾದರೆ ಇನ್ಶೂರೆನ್ಸ್‌ನವರು ಅಂದದ ಆಪರೇಷನ್ ಅಂತ ಯಾಕೆ ವಾಪಸ್ ಕಳಿಸಿದರು?

ಅಣ್ಣ: ಪಾಲಿಸಿಯನ್ನು ಪೂರ್ತಿ ಓದಿದೆ ದೊಡ್ಡಪ್ಪ. ಅಂದಕ್ಕಾಗಿ ಮಾಡಿಸಿದರೆ ದುಡ್ಡಿಲ್ಲ, ನಿಜ. ಆದರೆ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದೆ, ಅದಕ್ಕೇ ಬೇಕು ಅಂತ ನೋಡುತ್ತಿರುವ ಡಾಕ್ಟರ್ ಬರೆದುಕೊಟ್ಟರೆ ಪರಿಗಣಿಸಬೇಕು ಅಂತಲೂ ಅದೇ ಕಲಮಿನಲ್ಲಿದೆ. ಇವಳ ಅರ್ಜಿ ಜೊತೆ ಆ ಪತ್ರವೇ ಹೋಗಿರಲಿಲ್ಲ. ಈ ಸಲ ಹುಣ್ಣಿನ ಫೋಟೋ, ಔಷಧಿ ಚೀಟಿ ಎಲ್ಲಾ ಸೇರಿಸಿ ಕಳಿಸುತ್ತೇವೆ. ಸಿಗುತ್ತೋ ಇಲ್ಲವೋ, ಕೇಳುವುದಂತೂ ಬಿಡಲ್ಲ.

ದೊಡ್ಡಪ್ಪ: ದುಡ್ಡು ಹಾಗಿರಲಿ. ಜೀವಕ್ಕೆ ಅಪಾಯ ಇಲ್ಲವಾ?

ನಾನು: ದೊಡ್ಡ ಆಪರೇಷನ್ನೇ ದೊಡ್ಡಪ್ಪ, ಸುಳ್ಳು ಹೇಳಲ್ಲ. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹೊಲಿಗೆ. ಆ ಕಲೆ ಹೋಗಲ್ಲ. ಒಳಗೆ ನೀರು ತುಂಬಬಹುದು, ಗಾಯ ತಡವಾಗಿ ಮಾಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ಡಾಕ್ಟರ್ ಅವಸರ ಮಾಡಿಲ್ಲ. ತೂಕ ಆರು ತಿಂಗಳಾದರೂ ಒಂದೇ ಸಮ ನಿಲ್ಲಲಿ ಅಂದಿದ್ದರು, ನಿಂತಿದೆ. ಈಗ ರಕ್ತ ಕಡಿಮೆ ಇದೆ, ಅದು ಸರಿಯಾದ ಮೇಲೆ ದಿನಾಂಕ. ದೊಡ್ಡಪ್ಪ, ನಾನು ಚೆಂದ ಕಾಣಬೇಕು ಅಂತ ಆಸೆಪಟ್ಟರೂ ತಪ್ಪೇನಿಲ್ಲ. ಆದರೆ ನನಗೆ ಬೇಕಿರುವುದು ಗಾಯ ಇಲ್ಲದ ಮೈ.

ದೊಡ್ಡಪ್ಪ: ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ. ಡಾಕ್ಟರ್ ಹತ್ತಿರ ಮುಂದಿನ ಸಲ ಹೋಗುವಾಗ ನಾನೂ ಬರುತ್ತೇನೆ. ನಾನೇ ಕೇಳಬೇಕು.

ನಾನು: ಬನ್ನಿ ದೊಡ್ಡಪ್ಪ. ಗುರುವಾರ.

ಅಷ್ಟು ಹೊತ್ತಿಗೆ ಅತ್ತೆಯ ವಿಡಿಯೋ ಗುಂಪಿನಿಂದ ಅಳಿಸಿಹೋಗಿತ್ತು.

ಚಿಕ್ಕಮ್ಮ: ಆ ಪೌಡರ್ ಹೆಸರು ನನಗೆ ಬೇರೆಯಾಗಿ ಕಳಿಸು. ನನಗೂ ಮಡಿಕೆಯಲ್ಲಿ ತುರಿಕೆ. ಹೋಗುತ್ತೆ, ಮತ್ತೆ ಬರುತ್ತೆ. ಒಂದು ವರ್ಷ ಆಯಿತು.

ನಾನು: ಒಂದು ವರ್ಷನಾ! ಪೌಡರ್ ಆಮೇಲೆ ಚಿಕ್ಕಮ್ಮ. ಹೀಗೆ ಮತ್ತೆ ಮತ್ತೆ ಬರುತ್ತಿದ್ದರೆ ಶುಗರ್ ಇದ್ದರೂ ಇರಬಹುದು, ಮೊದಲು ಅದನ್ನು ನೋಡಿಸೋಣ. ನಾಳೆ ಕಾಫಿ ಕುಡಿಯದೆ ಬರಿಹೊಟ್ಟೆಯಲ್ಲಿರಿ. ಏಳು ಗಂಟೆಗೆ ಮನೆ ಹತ್ತಿರ ಬರುತ್ತೇನೆ.