ಅಪ್‌ಡೇಟ್: ನಮ್ಮ ಚಿನ್ನುವಿನ ಕೆಮ್ಮು ಹೃದಯದ್ದೇ ಆಗಿತ್ತು

ಹನ್ನೊಂದು ವರ್ಷದ ನಮ್ಮ ಪೊಮೆರೇನಿಯನ್ ಚಿನ್ನು ರಾತ್ರಿ ಹೊತ್ತು ಕೆಮ್ಮುತ್ತಾಳೆ, ಸಿರಪ್ ಕೊಟ್ಟರೂ ಹೋಗುತ್ತಿಲ್ಲ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಹೃದಯ ನೋಡಿಸಿ ಅಂದ ಅಕ್ಕನಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಸಕಲೇಶಪುರದಿಂದ ಹಾಸನದ ವೆಟರ್ನರಿ ಕಾಲೇಜಿಗೆ ಕರೆದುಕೊಂಡು ಹೋದೆವು. ಡಾಕ್ಟರು ಸ್ಟೆತಸ್ಕೋಪ್ ಇಟ್ಟ ತಕ್ಷಣ ಮರ್ಮರ್ (ಹೃದಯ ಬಡಿತದ ಜೊತೆ ಕೇಳುವ ಅಸಹಜ ಸದ್ದು) ಇದೆ ಅಂದರು. ಎಕ್ಸ್‌ರೇ, ಎಕೋ (ಹೃದಯದ ಸ್ಕ್ಯಾನ್) ಆಯಿತು. ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ. ವಯಸ್ಸಾದ ಸಣ್ಣ ತಳಿಗಳಲ್ಲಿ ಇದೇ ಜಾಸ್ತಿಯಂತೆ. ಡಾಬರ್‌ಮನ್ ತರದ ದೊಡ್ಡ ನಾಯಿಗಳಿಗೆ ಹೃದಯದ ಕಾಯಿಲೆ ಬಂದರೆ ಹೆಚ್ಚಾಗಿ ಹೃದಯದ ಸ್ನಾಯುವೇ ಸೋಲುತ್ತದೆ.

ಹೃದಯಕ್ಕೆ ಬಲ ಕೊಡುವ ಪಿಮೊಬೆಂಡಾನ್ ಮಾತ್ರೆ ದಿನಕ್ಕೆ ಎರಡು ಸಲ, ಊಟಕ್ಕೆ ಒಂದು ಗಂಟೆ ಮುಂಚೆ. ಶ್ವಾಸಕೋಶದ ನೀರು ಇಳಿಯಲು ಫ್ಯುರೋಸೆಮೈಡ್. ಇದರಿಂದ ಬಾಯಾರಿಕೆ ಜಾಸ್ತಿ, ಮೂತ್ರವೂ ಜಾಸ್ತಿ. ಹಾಗಂತ ನೀರಿನ ಬಟ್ಟಲು ಎತ್ತಿಡಬೇಡಿ! ಕಿಡ್ನಿ ನೋಡಲು ಆಗಾಗ ರಕ್ತಪರೀಕ್ಷೆ ಬೇಕು. ಕವಾಟ ಮೊದಲಿನಂತೆ ಆಗುವುದಿಲ್ಲ, ಮಾತ್ರೆ ಜೀವನಪೂರ್ತಿ.

ಈಗ ದಿನಾ ರಾತ್ರಿ ಅವಳು ನಿದ್ದೆ ಹೋದಮೇಲೆ ಪಕ್ಕದಲ್ಲಿ ಕೂತು ಉಸಿರು ಎಣಿಸುತ್ತೇನೆ. ಎದೆ ಏರಿ ಇಳಿದರೆ ಒಂದು. ನಿಮಿಷಕ್ಕೆ 30 ದಾಟಬಾರದು, ದಾಟುತ್ತಲೇ ಇದ್ದರೆ ತಕ್ಷಣ ಫೋನ್ ಮಾಡಿ ಅಂದಿದ್ದಾರೆ. ಮೊದಲ ದಿನ 44 ಇತ್ತು. ನಿನ್ನೆ 22. ಅಮ್ಮ ಉಪ್ಪಿಲ್ಲದೆ ಅನ್ನ, ಕೋಳಿ ಬೇಯಿಸಿ ಕೊಡುತ್ತಾರೆ. ಹಪ್ಪಳದ ತುಂಡು ಪೂರ್ತಿ ಬಂದ್.

ಇವತ್ತು ಬೆಳಿಗ್ಗೆ ಹಾಲಿನವರ ಬೈಕ್ ಸದ್ದಿಗೆ ತಾನೇ ಗೇಟಿನವರೆಗೆ ಹೋಗಿ ಬಂದಳು.