ಎರಡು ಪಾಸ್‌ವರ್ಡ್ ಬೇರೆಬೇರೆ ಇದ್ದರೂ ಪಿಎಚ್‌ಪಿ ‘ಸರಿ ಇದೆ’ ಅನ್ನುತ್ತಿದೆ, ಯಾಕೆ?

ಹಾಲುಗಡಿಗೆ:

ಊರಿನ ಹಾಲು ಸಂಘಕ್ಕೆ ಒಂದು ಸಣ್ಣ ಸೈಟ್ ನೋಡಿಕೊಳ್ಳುತ್ತೇನೆ. ಸದಸ್ಯರು ಲಾಗಿನ್ ಆಗಿ ತಮ್ಮ ಲೀಟರು, ಫ್ಯಾಟು, ಬಟವಾಡೆ ನೋಡಿಕೊಳ್ಳುತ್ತಾರೆ, ಅಷ್ಟೇ. ಫ್ರೇಮ್‌ವರ್ಕ್ ಇಲ್ಲ, ಸರ್ವರ್‌ನಲ್ಲಿ ಓಡುವುದು ಬರೀ ಪಿಎಚ್‌ಪಿ 8 ಭಾಷೆಯ ಕೋಡ್.

ನೋಂದಣಿ ಫಾರ್ಮ್‌ನಲ್ಲಿ ಪಾಸ್‌ವರ್ಡ್ ಎರಡು ಸಲ ಕೇಳುತ್ತೇವೆ. ಮೊದಲು ಅದನ್ನು ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್ ನೋಡುತ್ತಿತ್ತು. ಫಾರ್ಮ್ ಹೊಸದು ಮಾಡಿದಾಗ ಆ ಸ್ಕ್ರಿಪ್ಟ್ ತೆಗೆದು, ಸರ್ವರ್‌ನಲ್ಲಿ ಎರಡೂ ಪೋಸ್ಟ್ ಫೀಲ್ಡ್‌ಗಳನ್ನು == ಹಾಕಿ ಹೋಲಿಸಿ, ಒಂದೇ ಇದ್ದರೆ ಮೊದಲನೆಯದನ್ನು ಹ್ಯಾಶ್ ಮಾಡಿ (ಹಿಂದಕ್ಕೆ ಬಿಡಿಸಲಾಗದ ಗುರುತಾಗಿ ಬದಲಿಸಿ) ಉಳಿಸುತ್ತಿದ್ದೇವೆ. ಆಮೇಲಿಂದ ಕೆಲವು ಸದಸ್ಯರಿಗೆ ನೋಂದಣಿ ಸಲೀಸಾಗಿ ಆಗುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ. ಎಲ್ಲರಿಗೂ ಅಲ್ಲ. ನಾನು ಎಷ್ಟು ಸಲ ಬೇಕೆಂದೇ ತಪ್ಪು ಹೊಡೆದರೂ ಎರರ್ ಸರಿಯಾಗಿಯೇ ಬರುತ್ತದೆ. ಇನ್ನೊಂದು ವಿಷಯ, ತೊಂದರೆ ಆದವರಲ್ಲಿ ಬಹುಪಾಲು ಮಂದಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಂಡವರು.

ರಾತ್ರಿಪಾಳಿ:

ಎರಡನ್ನೂ ಪಾಸ್‌ವರ್ಡ್_ಹ್ಯಾಶ್ ಮಾಡಿ ಹ್ಯಾಶ್‌ಗಳನ್ನೇ ಹೋಲಿಸಿ ನೋಡಿ. ಕಚ್ಚಾ ಪಾಸ್‌ವರ್ಡ್ ಹೋಲಿಸುವುದು ಸೇಫ್ ಅಲ್ಲ, ಟೈಮಿಂಗ್ ಅಟ್ಯಾಕ್ (ಹೋಲಿಕೆಗೆ ಹಿಡಿದ ಸಮಯ ಅಳೆದು ಗುಟ್ಟು ಊಹಿಸುವುದು) ಆಗಬಹುದು.

ಸೆಮಿಕೋಲನ್ ಸ್ವಾಮಿ:

ಗಡಿಗೆಯವರೇ, ಕೊನೆಯ ಸಾಲನ್ನು ಮೊದಲೇ ಹೇಳಬಾರದಿತ್ತೇ! ರೋಗ ಅಲ್ಲೇ ಇದೆ.

ಪಿಎಚ್‌ಪಿಯ == ಎರಡು ಸ್ಟ್ರಿಂಗ್ (ಅಕ್ಷರಗಳ ಸಾಲು) ಸಿಕ್ಕಿದಾಗ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ ಅಂದುಕೊಂಡಿದ್ದೀರಿ. ಅದು ಮೊದಲು ನೋಡುವುದು, ಇವೆರಡೂ ಸಂಖ್ಯೆ ಥರ ಕಾಣುತ್ತವೆಯೇ ಅಂತ. ಕಂಡರೆ ಸಂಖ್ಯೆ ಮಾಡಿಕೊಂಡು ಬೆಲೆ ಹೋಲಿಸುತ್ತದೆ. ಹಾಗಾಗಿ '0012' ಮತ್ತು '12' ಅದರ ಲೆಕ್ಕದಲ್ಲಿ ಒಂದೇ. ನಿಮ್ಮ ಸದಸ್ಯರು ಮೊದಲ ಡಬ್ಬದಲ್ಲಿ ನಂಬರಿನ ಮುಂದೆ ಸೊನ್ನೆ ಹಾಕಿರುತ್ತಾರೆ (ಹಳಬರಿಗೆ ಎಸ್‌ಟಿಡಿ ಕಾಲದ ಅಭ್ಯಾಸ ಹೋಗಿಲ್ಲ), ಎರಡನೆಯದರಲ್ಲಿ ಬಿಟ್ಟಿರುತ್ತಾರೆ. == ‘ಸರಿ’ ಅಂದಿದೆ, ನೀವು ಸೊನ್ನೆ ಇರುವುದನ್ನು ಹ್ಯಾಶ್ ಮಾಡಿಟ್ಟಿದ್ದೀರಿ. ಮಾರನೇ ದಿನ ಅವರು ಸೊನ್ನೆ ಇಲ್ಲದೆ ಹೊಡೆದರೆ, ಅದನ್ನು ಹ್ಯಾಶ್ ಜತೆ ತಾಳೆ ನೋಡುವ ಪಾಸ್‌ವರ್ಡ್_ವೆರಿಫೈ ಒಪ್ಪುವುದಿಲ್ಲ. ಅದು ಅಪ್ಪಟ ಬೈಟ್ ಲೆಕ್ಕದ ಆಸಾಮಿ.

ನೀವು ತಪ್ಪು ಹೊಡೆದಾಗ ಅಕ್ಷರ ಬೆರೆಸಿರುತ್ತೀರಿ, ಇಲ್ಲವೇ ಬೆಲೆಯೇ ಬೇರೆಯಾಗುವ ಅಂಕಿ ಹಾಕಿರುತ್ತೀರಿ. ಅದಕ್ಕೇ ಸಿಕ್ಕಿಬಿದ್ದಿಲ್ಲ. ಹಳೇ ಜಾವಾಸ್ಕ್ರಿಪ್ಟ್ ಇದನ್ನು ಹಿಡಿಯುತ್ತಿತ್ತು, ಏಕೆಂದರೆ ಅಲ್ಲಿ ಎರಡೂ ಕಡೆ ಸ್ಟ್ರಿಂಗ್ ಇದ್ದರೆ == ಕೂಡ ಅಕ್ಷರವನ್ನೇ ನೋಡುತ್ತದೆ. ಚಿಹ್ನೆ ಒಂದೇ, ನಡತೆ ಬೇರೆ.

ಪಿಎಚ್‌ಪಿ 8 ಬಂದಮೇಲೆ ಇದೆಲ್ಲ ಸರಿಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 8ರಲ್ಲಿ ಬದಲಾದದ್ದು ಸಂಖ್ಯೆಯನ್ನು ಸಂಖ್ಯೆಯಲ್ಲದ ಸ್ಟ್ರಿಂಗ್ ಜತೆ ಹೋಲಿಸುವ ಬಗೆ. ಎರಡೂ ಅಂಕಿಯ ಸ್ಟ್ರಿಂಗ್ ಆದರೆ ಹಳೇ ಕಥೆಯೇ. ಅಲ್ಲ, ಇನ್ನೂ ಒಂದು ಹೆಜ್ಜೆ ಹೆಚ್ಚೇ: ಕೊನೆಯಲ್ಲಿ ಸ್ಪೇಸ್ ಇರುವ '12 ' ಕೂಡ 8ರಿಂದ '12'ಕ್ಕೆ ಸಮ. ಅಂಕಿಗಳ ನಡುವೆ ಇಂಗ್ಲಿಷಿನ ‘ಇ’ ಬಂದರೆ ಹತ್ತರ ಘಾತ ಅಂತ ಓದಿಕೊಳ್ಳುತ್ತದೆ, ಅದೊಂದು ಬೇರೆ ತಮಾಷೆ.

=== ಹಾಕಿ, ಅದು ಸಂಖ್ಯೆ ಮಾಡಿಕೊಳ್ಳದೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಮುಗಿಯಿತು.

ರಾತ್ರಿಪಾಳಿ, ನೀವು ಹೇಳಿದ ಹಾಗೆ ಮಾಡಿದರೆ ಯಾರೊಬ್ಬರೂ ನೋಂದಣಿ ಆಗಲಾರರು. ಪಾಸ್‌ವರ್ಡ್_ಹ್ಯಾಶ್ ಪ್ರತಿ ಸಲ ಹೊಸ ಸಾಲ್ಟ್ (ಯಾದೃಚ್ಛಿಕ ಅಕ್ಷರಗಳು) ಬೆರೆಸುತ್ತದೆ. ಒಂದೇ ಪಾಸ್‌ವರ್ಡ್ ಎರಡು ಸಲ ಕೊಟ್ಟರೂ ಎರಡು ಬೇರೆ ಹ್ಯಾಶ್ ಬರುತ್ತವೆ. ಟೈಮಿಂಗ್ ಅಟ್ಯಾಕ್ ಮಾತು ಇಲ್ಲಿಗೆ ಹೊಂದುವುದೇ ಇಲ್ಲ. ಎರಡೂ ಸ್ಟ್ರಿಂಗ್ ಕಳಿಸುತ್ತಿರುವವನು ಫಾರ್ಮ್ ತುಂಬುವವನೇ, ಅವನಿಂದ ಏನನ್ನು ಬಚ್ಚಿಡುವುದು? ಹ್ಯಾಶ್_ಈಕ್ವಲ್ಸ್ (ಸಮಯದಿಂದ ಸುಳಿವು ಸಿಗದಂತೆ ಹೋಲಿಸುವ ಫಂಕ್ಷನ್) ಬೇಕಾಗುವುದು ಸರ್ವರ್ ಹತ್ತಿರ ಇರುವ ಗುಟ್ಟಿನ ಟೋಕನ್‌ಗೆ.

ಎಕರೆಗೊಂದು ಬಗ್:

=== ಜತೆಗೆ, ಎರಡೂ ಫೀಲ್ಡ್ ಸ್ಟ್ರಿಂಗೇ ಹೌದಾ ಅಂತ ಈಸ್_ಸ್ಟ್ರಿಂಗ್‌ನಿಂದ ಮೊದಲೇ ನೋಡಿ. ಫೀಲ್ಡ್ ಹೆಸರಿನ ಕೊನೆಗೆ [] ಸೇರಿಸಿ ಕಳಿಸಿದರೆ ಪಿಎಚ್‌ಪಿ ಅದನ್ನು ಅರೇ (ಬೆಲೆಗಳ ಪಟ್ಟಿ) ಮಾಡುತ್ತದೆ. ಎರಡು ಒಂದೇ ಥರದ ಅರೇಗಳು ===ನಲ್ಲೂ ಪಾಸ್ ಆಗಿ, ಮುಂದೆ ಪಾಸ್‌ವರ್ಡ್_ಹ್ಯಾಶ್‌ಗೆ ಹೋಗಿ ಟೈಪ್‌ಎರರ್ ಬಂದು ಪೇಜ್ ಬೀಳುತ್ತದೆ. ಎರಡೂ ಖಾಲಿ ಇದ್ದರೂ ‘ಹೊಂದಿವೆ’ ಅನ್ನುತ್ತದೆ, ಆದ್ದರಿಂದ ಉದ್ದದ ಚೆಕ್ ಬೇರೆಯೇ ಇರಲಿ.

ಕನ್ನಡದಲ್ಲಿ ಪಾಸ್‌ವರ್ಡ್ ಹಾಕುವವರಿದ್ದರೆ ಇನ್ನೊಂದು ಮಾತು. ‘ಕೊ’ದ ಒತ್ವವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಕೋಡ್ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್ ಬೇರೆ. ಇಂಟ್ಲ್ ಎಕ್ಸ್‌ಟೆನ್ಷನ್‌ನ ನಾರ್ಮಲೈಸರ್‌ನಿಂದ ಎನ್ಎಫ್‌ಸಿ (ಒಂದೇ ಬಗೆಯ ಕೋಡ್‌ಗೆ ತರುವ ರೂಪ) ಮಾಡಿ ಹೋಲಿಸಿ, ಅದನ್ನೇ ಹ್ಯಾಶ್ ಮಾಡಿ, ಲಾಗಿನ್‌ನಲ್ಲೂ ಅದನ್ನೇ ಮಾಡಿ. ಪಾಸ್‌ವರ್ಡ್_ಹ್ಯಾಶ್ ಸಾಮಾನ್ಯವಾಗಿ ಬಳಸುವ ಬಿಕ್ರಿಪ್ಟ್ ವಿಧಾನ 72 ಬೈಟ್ ಆದಮೇಲೆ ನೋಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದು ಕೋಡ್‌ಗೆ 3 ಬೈಟ್, ಅಂದರೆ 24 ಕೋಡ್‌ಗೇ ಮುಗಿಯಿತು. ಒತ್ತಕ್ಷರಕ್ಕೆ ಹೆಚ್ಚು ಕೋಡ್ ಬೇಕು, ಹಾಗಾಗಿ ಅಕ್ಷರದ ಲೆಕ್ಕದಲ್ಲಿ ಇನ್ನೂ ಬೇಗ.

ಹಾಲುಗಡಿಗೆ:

ಸೊನ್ನೆ ಹಾಕಿ, ಬಿಟ್ಟು ಟೆಸ್ಟ್ ಮಾಡಿದೆ. ಅದೇ! === ಹಾಕಿದ ತಕ್ಷಣ ಎರರ್ ಬಂತು. ಈಗಾಗಲೇ ಸಿಕ್ಕಿಹಾಕಿಕೊಂಡಿರುವವರಿಗೆ ಏನು ಮಾಡಲಿ? ಲಾಗಿನ್ ಫೇಲ್ ಆದರೆ ಮುಂದೆ ಸೊನ್ನೆ ಸೇರಿಸಿ ಇನ್ನೊಮ್ಮೆ ವೆರಿಫೈ ಮಾಡಿಸಿಬಿಡಲೇ?

ಸೆಮಿಕೋಲನ್ ಸ್ವಾಮಿ:

ದಮ್ಮಯ್ಯ, ಬೇಡ. ಈಗ ಸೊನ್ನೆ, ನಾಳೆ ಸ್ಪೇಸ್, ನಾಡಿದ್ದು +91. ಆ ಕೋಡನ್ನು ಆಮೇಲೆ ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಹ್ಯಾಶ್ ನೋಡಿ ಯಾರ‍್ಯಾರು ಅಂತ ಹುಡುಕಲೂ ಆಗದು. ಜಾವಾಸ್ಕ್ರಿಪ್ಟ್ ತೆಗೆದ ದಿನದಿಂದ ಈಚೆಗೆ ನೋಂದಣಿಯಾಗಿ ಒಮ್ಮೆಯೂ ಲಾಗಿನ್ ಆಗದವರ ಪಟ್ಟಿ ತೆಗೆಯಿರಿ, ಅವರಿಗೆ ಪಾಸ್‌ವರ್ಡ್ ರೀಸೆಟ್ ಕಳಿಸಿ.

ಹೊಸ ಪಾಸ್‌ವರ್ಡ್ ತೆಗೆದುಕೊಳ್ಳುವಾಗ ಮೊಬೈಲ್ ನಂಬರನ್ನೇ ಹಾಕಿದರೆ ಬೇಡ ಅನ್ನಿ. ಸಂಘದ ನೋಟಿಸ್ ಬೋರ್ಡಿನಲ್ಲಿ ಹೆಸರಿನ ಪಕ್ಕ ನಂಬರ್ ಬರೆದು ಅಂಟಿಸುವ ಊರುಗಳಿವೆ. ಈ ಚೆಕ್‌ಗೆ ಮಾತ್ರ ಮುಂದಿನ ಸೊನ್ನೆ, +91, ನಡುವಿನ ಸ್ಪೇಸ್ ಎಲ್ಲ ಕಿತ್ತು ಹೋಲಿಸಿ. ಉಳಿಸುವ ಪಾಸ್‌ವರ್ಡನ್ನು ಆ ಎನ್ಎಫ್‌ಸಿ ಬಿಟ್ಟು ಬೇರೇನೂ ಮುಟ್ಟಬೇಡಿ, ಟ್ರಿಮ್ (ಹಿಂದುಮುಂದಿನ ಸ್ಪೇಸ್ ಕೀಳುವುದು) ಕೂಡ ಬೇಡ. ಎರರ್ ಬಂದಾಗ ಹೆಸರು, ಸದಸ್ಯ ಸಂಖ್ಯೆ ಫಾರ್ಮ್‌ನಲ್ಲಿ ಹಾಗೇ ಇರಲಿ, ಪಾಸ್‌ವರ್ಡ್ ಡಬ್ಬಗಳು ಎರಡೂ ಖಾಲಿಯಾಗಿ ಬರಲಿ. ಪಾಸ್‌ವರ್ಡ್ ಬದಲಾಯಿಸುವ ಪೇಜ್‌ನಲ್ಲೂ ಇದೇ == ಕೂತಿರುತ್ತದೆ, ಅಲ್ಲೂ ನೋಡಿ.